ಎಳ್ಳಮಾಸಿ ಬಂತು, ಹೊಲ ಎಲ್ಲಿ?

ಡಿಸೆಂಬರ್ ಹತ್ತಿರ ಬಂತೆಂದರೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹೆಣ್ಣುಮಕ್ಕಳ ಫೋನಿನಲ್ಲಿ ಒಂದೇ ಮಾತು. ‘ಈ ಸಲ ಎಳ್ಳಮಾಸಿಗೆ ಬರ್ತೀರೇನವಾ?’ ಊರಿನಿಂದ ಅತ್ತೆ ಕೇಳುತ್ತಾರೆ, ಅವ್ವ ಕೇಳುತ್ತಾಳೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಮೂರನೇ ಮಹಡಿಯಲ್ಲಿ ಕುಳಿತ ನಾವು ಕ್ಯಾಲೆಂಡರ್ ನೋಡುತ್ತೇವೆ. ಮಕ್ಕಳಿಗೆ ಪರೀಕ್ಷೆ, ಯಜಮಾನರಿಗೆ ರಜೆ ಇಲ್ಲ. ‘ನೋಡ್ತೀನಿ ಅತ್ತಿ’ ಎಂದು ಫೋನ್ ಇಟ್ಟ ಮೇಲೆ ಮನಸ್ಸು ಮಾತ್ರ ಹೊಲದ ಬದುವಿನ ಮೇಲೇ ಓಡಾಡುತ್ತಿರುತ್ತದೆ, ಅಲ್ಲವೇ?

ದಕ್ಷಿಣದ ಗೆಳತಿಯರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ. ಮಾರ್ಗಶಿರ ಮಾಸದ ಕೊನೆಗೆ ಬರುವ ಅಮಾವಾಸ್ಯೆಯೇ ಎಳ್ಳ ಅಮಾವಾಸ್ಯೆ, ನಮ್ಮ ಬಾಯಲ್ಲಿ ಎಳ್ಳಮಾಸಿ. ಬಿಳಿಜೋಳ ಆಳುದ್ದ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ತೊಗರಿ ಬಲಿತಿರುತ್ತದೆ, ಕುಸುಬಿ ಮುಳ್ಳು ಕಾಲಿಗೆ ಚುಚ್ಚುತ್ತದೆ. ಇಡೀ ಊರು ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನಿಂದ ಪುಟ್ಟ ಗುಡಿಸಲು ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸುಣ್ಣ ಹಚ್ಚಿ ಪೂಜೆ. ಆಮೇಲೆ ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮ್ತಾಯಿಗೆ, ಆಮೇಲೆ ನಮಗೆ.

ದಿನಾಂಕದ ವಿಷಯದಲ್ಲಿ ಒಂದು ಮಾತು. ಇದು ಚಂದ್ರನ ಲೆಕ್ಕದ ಹಬ್ಬ, ಒಮ್ಮೆ ಡಿಸೆಂಬರಿನಲ್ಲಿ, ಒಮ್ಮೆ ಜನವರಿಯಲ್ಲಿ ಬರುತ್ತದೆ. 2023ರಲ್ಲಿ ಅಧಿಕ ಮಾಸ ಬಂದದ್ದರಿಂದ ಆ ವರ್ಷದ ಕ್ಯಾಲೆಂಡರಿನಲ್ಲಿ ಎಳ್ಳಮಾಸಿಯೇ ಇರಲಿಲ್ಲ. 2024ರಲ್ಲಿ ಎರಡು ಬಂದವು, ಜನವರಿ 11ಕ್ಕೊಂದು, ಡಿಸೆಂಬರ್ 30ಕ್ಕೊಂದು! ಆದ್ದರಿಂದ ‘ಹೋದ ವರ್ಷ ಇಂಥ ದಿನ ಇತ್ತು’ ಎಂಬ ಅಂದಾಜಿನ ಮೇಲೆ ಟಿಕೆಟ್ ತೆಗೆಸಬೇಡಿ. ಯುಗಾದಿಗೆ ಹೊಸ ಪಂಚಾಂಗ ಬಂದಾಗಲೇ ಗುರುತು ಹಾಕಿಕೊಳ್ಳಿ. ಇದಕ್ಕೆ ಹದಿನೈದು ದಿನ ಮುಂಚೆ ಹುಣ್ಣಿಮೆಗೆ ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿ ಇರುತ್ತದೆ, ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ. ಮೂರಕ್ಕೂ ಓಡಾಡುವುದು ಯಾರಿಂದಲೂ ಆಗದು. ಯಾವುದಕ್ಕೆ ಹೋಗುವುದು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡರೆ ಕೊನೆ ಗಳಿಗೆಯ ಮುನಿಸು ತಪ್ಪುತ್ತದೆ.

ಹುಳಿ ಗಡಿಗೆಯ ಕತೆ

ಎಳ್ಳಮಾಸಿಯ ಊಟದಲ್ಲಿ ರಾಜ ಎಂದರೆ ಭಜ್ಜಿ, ರಾಣಿ ಎಂದರೆ ಅಂಬಲಿ. ಭಜ್ಜಿ ಎಂದಾಕ್ಷಣ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳಬೇಡಿ. ಹೊಲದಲ್ಲಿ ಬೆಳೆದದ್ದೆಲ್ಲ ಒಂದೇ ಪಾತ್ರೆಗೆ ಬಿದ್ದು ಆಗುವ ಗಟ್ಟಿ ಪಲ್ಯ ಅದು. ಅಂಬಲಿಯೋ, ಹಿಂದಿನ ದಿನವೇ ಜೋಳದ ನುಚ್ಚು ಕುದಿಸಿ, ಪೂರ್ತಿ ಆರಿದ ಮೇಲೆ ಮಜ್ಜಿಗೆ ಸೇರಿಸಿ, ಮಣ್ಣಿನ ಗಡಿಗೆಯಲ್ಲಿ ರಾತ್ರಿಯಿಡೀ ಹುಳಿ ಬರಲು ಬಿಟ್ಟದ್ದು. ಬೆಳಿಗ್ಗೆ ಉಪ್ಪು, ಜಜ್ಜಿದ ಬಳ್ಳೊಳ್ಳಿ, ಜೀರಿಗೆ ಪುಡಿ. ಗಡಿಗೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ತಲೆಯ ಮೇಲೆ ಹೊತ್ತು ಹೊರಟರೆ ಆ ನಡಿಗೆಯ ಗತ್ತೇ ಬೇರೆ.

ಈ ಹುಳಿ ಗಡಿಗೆಯನ್ನು ನೆನೆದಾಗ ನನಗೆ ಯಹೂದಿಗಳ ಪಾಸೋವರ್ ಹಬ್ಬ ನೆನಪಾಗುತ್ತದೆ. ಅಲ್ಲಿ ಎಲ್ಲ ತಿರುವು ಮುರುವು. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿ ಹಿಟ್ಟು ಹುದುಗಲು ಪುರುಸೊತ್ತು ಇರಲಿಲ್ಲವೆಂದು ಹಬ್ಬದ ಅಷ್ಟೂ ದಿನ, ಇಸ್ರೇಲಿನಲ್ಲಿ ಏಳು, ಹೊರಗೆ ಸಾಮಾನ್ಯವಾಗಿ ಎಂಟು, ಹುದುಗಿದ ಹಿಟ್ಟಿನ ಪದಾರ್ಥ ಮನೆಯಲ್ಲೇ ಇರಬಾರದು. ಹಿಟ್ಟಿಗೆ ನೀರು ತಾಗಿದ 18 ನಿಮಿಷದೊಳಗೆ ಬೇಯಿಸಿದ ತೆಳ್ಳನೆಯ ರೊಟ್ಟಿಯೇ ಊಟ. ಹಬ್ಬಕ್ಕೆ ಮುಂಚೆ ಡಬ್ಬಿ, ಕಪಾಟು, ಮಕ್ಕಳ ಜೇಬು ಕೂಡ ಜಾಡಿಸಿ ಬ್ರೆಡ್ಡಿನ ಚೂರು ಹುಡುಕುತ್ತಾರೆ. ಕೊಂಕಣ ತೀರದಲ್ಲಿ ಮರಾಠಿ ಮಾತಾಡಿಕೊಂಡು ಬದುಕಿದ ಬೆನೆ ಇಸ್ರೇಲಿ ಯಹೂದಿಗಳು ಇದನ್ನು ‘ಹುಳಿಯ ಗಡಿಗೆ ಮುಚ್ಚುವ ಹಬ್ಬ’ ಎಂಬರ್ಥದ ಮರಾಠಿ ಹೆಸರಿನಿಂದ ಕರೆಯುತ್ತಿದ್ದರು. ಅವರು ಗಡಿಗೆ ಮುಚ್ಚುತ್ತಾರೆ, ನಾವು ಗಡಿಗೆ ತೆರೆಯುತ್ತೇವೆ! ದುಡಿಯುವ ಕೈ ಮಾತ್ರ ಎರಡೂ ಕಡೆ ಹೆಂಗಸರದೇ.

ಅವರಿಂದ ನಾವು ಕಲಿಯಬಹುದಾದದ್ದು ಒಂದಿದೆ. ನೆಲ ಕಳಕೊಂಡು ದೇಶದೇಶ ಅಲೆದವರು ಅವರು. ಹಬ್ಬವನ್ನು ಊಟದ ಮೇಜಿನ ಮೇಲೇ ಕಟ್ಟಿಕೊಂಡರು. ಒಂದೇ ತಟ್ಟೆಯಲ್ಲಿ ಗುಲಾಮಗಿರಿಯ ನೆನಪಿಗೆ ಕಹಿ ಸೊಪ್ಪು, ಇಟ್ಟಿಗೆಗೆ ಕಲಸಿದ ಗಾರೆಯ ನೆನಪಿಗೆ ಸಿಹಿ ಹೂರಣ. ಬೆನೆ ಇಸ್ರೇಲಿಗಳ ಮನೆಯಲ್ಲಿ ಹೂರಣದ ಬದಲು ಖರ್ಜೂರದ ಪಾಕ. ಪಕ್ಕದಲ್ಲಿ ಕಣ್ಣೀರಿನ ನೆನಪಿಗೆ ಉಪ್ಪು ನೀರು. ಮನೆಯ ಎಲ್ಲಕ್ಕಿಂತ ಚಿಕ್ಕ ಮಗು ‘ಈ ರಾತ್ರಿ ಮಾತ್ರ ಯಾಕೆ ಹೀಗೆ?’ ಎಂದು ಕೇಳಬೇಕು, ಹಿರಿಯರು ಹೇಳಬೇಕು. ಹೊಲವಿಲ್ಲದ ನಮ್ಮ ಫ್ಲ್ಯಾಟಿಗೂ ಇದು ಒಪ್ಪುತ್ತದಲ್ಲವೇ? ಬಾಲ್ಕನಿಯ ತುಳಸಿ ಕುಂಡದ ಪಕ್ಕ ಐದು ಕಲ್ಲು ಇಡಿ. ಚರಗವನ್ನು ಆ ಕುಂಡಕ್ಕೇ ಒಂದು ಚಿಟಿಕೆ ಹಾಕಿದರೆ ಸಾಕು. ‘ಐದೇ ಕಲ್ಲು ಯಾಕ್ ಮಮ್ಮಿ?’ ಎಂದು ಮಗ ಕೇಳಿದರೆ ಟೀವಿ ಬಂದ್ ಮಾಡಿ ಹೇಳಿ. ಇಲ್ಲ, ಊರಿನ ಅಜ್ಜನಿಗೆ ಫೋನ್ ಹಚ್ಚಿಕೊಡಿ. ಅಜ್ಜನಿಗೂ ಅದೇ ಬೇಕಾಗಿರುತ್ತದೆ.

ಪೇಟೆಯಲ್ಲಿ ಭಜ್ಜಿ

ಆರು ಜನಕ್ಕೆ ಒಂದು ಅಳತೆ ಹೇಳುತ್ತೇನೆ. ಹಸಿ ತೊಗರಿಕಾಳು, ಹಸಿ ಕಡಲೆ, ಬಟಾಣಿ ಒಂದೊಂದು ಬಟ್ಟಲು, ನೆನೆಸಿದ ಶೇಂಗಾ ಅರ್ಧ ಬಟ್ಟಲು. ಮೆಂತ್ಯ, ಪಾಲಕ್ ಒಂದೊಂದು ಕಟ್ಟು, ಉಳ್ಳಾಗಡ್ಡಿ ತಪ್ಪಲು, ಸಿಕ್ಕರೆ ಚುಕ್ಕಾ ಸೊಪ್ಪು. ಎರಡು ಗಜ್ಜರಿ, ಎರಡು ಬದನೆ, ನಾಲ್ಕು ಬಾರಿಹಣ್ಣು. ಕಾಳು ಮೊದಲು ಬೇಯಿಸಿ, ಆಮೇಲೆ ತರಕಾರಿ, ಕೊನೆಗೆ ಸೊಪ್ಪು. ನಿಂಬೆ ಗಾತ್ರದ ಹುಣಸೆಯ ರಸ, ಅರೆದ ಹಸಿಮೆಣಸಿನಕಾಯಿ, ಉಪ್ಪು. ನಾಲ್ಕು ಚಮಚ ಕಡಲೆಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಹೊಯ್ದು, ತಳ ಹಿಡಿಯದಂತೆ ತಿರುವುತ್ತಾ ಕುದಿಸಿ. ಮೇಲೆ ಬಳ್ಳೊಳ್ಳಿ-ಜೀರಿಗೆಯ ಒಗ್ಗರಣೆ ಜೋರಾಗಿ ಬೀಳಬೇಕು. ಕುಕ್ಕರಿನಲ್ಲಿ ಎಲ್ಲ ಒಟ್ಟಿಗೆ ಹಾಕಿ ಸೀಟಿ ಹೊಡೆಸುವವರಿದ್ದಾರೆ. ರುಚಿ ಬರುತ್ತದೆ, ಆದರೆ ಸೊಪ್ಪು ಕಪ್ಪಾಗಿ ಭಜ್ಜಿ ಸಾರಿನಂತೆ ಕಾಣುತ್ತದೆ. ನನಗಂತೂ ಒಪ್ಪಿಗೆಯಿಲ್ಲ.

ಕಾಳು ಬಿಡಿಸುವುದೇ ದೊಡ್ಡ ಕೆಲಸ. ಹಿಂದಿನ ರಾತ್ರಿ ಧಾರಾವಾಹಿ ನೋಡುತ್ತಾ ಎಲ್ಲರ ಮುಂದೆ ಒಂದೊಂದು ಪುಟ್ಟಿ ಇಡಿ, ಗಂಡಸರ ಮುಂದೆಯೂ! ಕಾಯಿ ಬಿಡಿಸಲು ಯಾವ ಪದವಿಯೂ ಬೇಕಿಲ್ಲ. ಸಜ್ಜೆ ರೊಟ್ಟಿ ತಟ್ಟಲು ಬಾರದಿದ್ದರೆ ಕೊರಗಬೇಡಿ. ಈಗ ಕಲಬುರಗಿ, ಬೀದರಿನಲ್ಲಿ ಕಟಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ವಾರ ಮುಂಚೆ ತರಿಸಿಟ್ಟರೆ ಕೆಡುವುದಿಲ್ಲ, ನಾಲ್ಕು ದುಡ್ಡು ಅವರ ಕೈಗೂ ಸೇರುತ್ತದೆ. ಶೇಂಗಾ ಹೋಳಿಗೆಯನ್ನೂ ಎರಡು ದಿನ ಮುಂಚೆಯೇ ಮಾಡಿಡಬಹುದು. ಬೆಳಗಿನ ಜಾವ ಮೂರಕ್ಕೆ ಎದ್ದು ಎಲ್ಲವನ್ನೂ ಒಬ್ಬಳೇ ಮಾಡಿದರೇ ಹಬ್ಬ ಎಂದು ಯಾವ ಪಾಂಡವರೂ ಹೇಳಿಲ್ಲ.

ಕೆಲವು ಎಚ್ಚರಿಕೆ. ಅಂಬಲಿ, ಹುಣಸೆ ಬಿದ್ದ ಭಜ್ಜಿ ಎರಡನ್ನೂ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬೇಡಿ. ಅಜ್ಜಿಯ ಕಾಲದ ಹಂಡೆ ಚೆಂದವೇ, ಆದರೆ ಹುಳಿ ಅದನ್ನು ಕಿಲುಬಿಸುತ್ತದೆ, ವಾಂತಿ-ಭೇದಿ ಆಗುತ್ತದೆ. ಹೊಲದಲ್ಲಿ ಮಕ್ಕಳು ತೊಗರಿ, ಕಡಲೆ ಕಿತ್ತು ಹಸಿಯಾಗಿಯೇ ತಿನ್ನುತ್ತವೆ, ತಿನ್ನಲಿ. ಆದರೆ ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಹೊಲದವರನ್ನು ಕೇಳಿಯೇ ಬಿಡಿ. ಸಕ್ಕರೆ ಕಾಯಿಲೆ ಇರುವ ಅತ್ತೆ-ಮಾವಂದಿರಿಗೆ ಭಜ್ಜಿ, ರೊಟ್ಟಿ ಹದವಾಗಿ ಬಡಿಸಿ, ಹೋಳಿಗೆ ಅರ್ಧವೇ ಇರಲಿ. ಮಾತ್ರೆ ಮಾತ್ರ ಚೀಲದಲ್ಲಿರಲಿ. ಹೊಲದಲ್ಲಿ ಊಟ ಎರಡು ಗಂಟೆಗೆ ಮುಂಚೆ ಆಗುವುದೇ ಇಲ್ಲ, ಇನ್ಸುಲಿನ್ ತಗೊಂಡು ಹೊಟ್ಟೆ ಹಸಿದು ಕೂತರೆ ತಲೆಸುತ್ತು ಬರುತ್ತದೆ. ಅವರಿಗೆ ಮೊದಲೇ ಒಂದು ರೊಟ್ಟಿ ಕೊಟ್ಟರೆ ಚರಗಕ್ಕೇನೂ ಮೈಲಿಗೆಯಾಗದು.

ಹೊಲ ಮಾರಿದ ಮನೆ

ಇಷ್ಟು ಅಡುಗೆಮನೆಯ ಮಾತಾಯಿತು. ಹೇಳಲೇಬೇಕಾದ ಇನ್ನೊಂದು ಮಾತು ಸ್ವಲ್ಪ ಕಷ್ಟದ್ದು.

ಹುಮನಾಬಾದಿನ ಗೆಳತಿಯೊಬ್ಬಳು ಕೇಳಿದಳು: ‘ಮಗಳ ಮದುವಿಗಂತ ಹೊಲ ಮಾರೀವಿ. ಈಗ ಎಳ್ಳಮಾಸಿ ದಿನ ಬಾಗಲಾ ಹಾಕ್ಕೊಂಡು ಒಳಗ ಕೂಡಬೇಕನಸ್ತದ. ಎಲ್ಲಾರೂ ಹೋಗೋದು ನೋಡಲಿಕ್ಕಾಗಲ್ಲ.’ ಇಂಥ ಮನೆಗಳು ಈಗ ಎಷ್ಟೋ ಇವೆ. ಎಂದೂ ಹೊಲವೇ ಇಲ್ಲದ, ಕೂಲಿಗೆ ಹೋಗುವ ಮನೆಗಳೂ ಇವೆ. ನಮ್ಮ ಕಡೆ ಒಳ್ಳೆಯ ರೂಢಿಯೆಂದರೆ, ಹೊಲ ಇದ್ದವರು ಇಲ್ಲದವರನ್ನು ಜಾತಿ-ಧರ್ಮ ನೋಡದೆ ಕರೆದುಕೊಂಡು ಹೋಗುವುದು. ಪಕ್ಕದ ಓಣಿಯ ಮುಸ್ಲಿಂ ಗೆಳೆಯರೂ ಭಜ್ಜಿಗೆ ಬಂದೇ ಬರುತ್ತಾರೆ. ಆದರೆ ಕರೆಯುವ ರೀತಿ ಇದೆ ನೋಡಿ. ಹೊಲ ಮಾರಿದವಳಿಗೆ ‘ಬಂದು ಉಂಡು ಹೋಗ್ರಿ’ ಎಂದರೆ ನೋವಾಗುತ್ತದೆ. ‘ವೈನಿ, ನಿಮ್ಮ ಕೈ ಅಂಬ್ಲಿ ಯಾರಿಗೂ ಬರಂಗಿಲ್ಲ, ಒಂದು ಗಡಗಿ ಮಾಡ್ಕೊಂಡ್ ಬರ್ರಿ’ ಎನ್ನಿ. ಅವಳು ಅತಿಥಿಯಾಗಿ ಅಲ್ಲ, ಪಾಲುದಾರಳಾಗಿ ಬರುತ್ತಾಳೆ. ನನ್ನ ಗೆಳತಿಗೆ ನಾನು ಹೇಳಿದ್ದೂ ಇದನ್ನೇ: ಯಾರೂ ಕರೆಯದಿದ್ದರೆ ನೀನೇ ಗಡಿಗೆ ಹೊತ್ತು ಪಕ್ಕದವರ ಜೊತೆ ಹೊರಡು. ಅಂಬಲಿ ತಂದವಳನ್ನು ಯಾರು ಬೇಡ ಅಂತಾರೆ?

ಇನ್ನು ಅಣ್ಣತಮ್ಮಂದಿರು ಬೇರೆಯಾದ ಮನೆ. ನಡುವೆ ಬದು ಬಿತ್ತು, ನೆಗೆಣ್ಣಿಯರು ಮಾತು ಬಿಟ್ಟರು, ಆದರೆ ಪಾಂಡವರ ಕಲ್ಲು ಅಣ್ಣನ ಪಾಲಿನ ಹೊಲದಲ್ಲಿ. ಇಂಥಲ್ಲಿ ಹಿರಿಯರ ಪಂಚಾಯ್ತಿಗೆ ಕಾಯಬೇಡಿ. ಒಂದು ಡಬ್ಬಿ ಭಜ್ಜಿಯನ್ನು ಮಕ್ಕಳ ಕೈಯಲ್ಲಿ ಆಚೆ ಕಳಿಸಿ. ತಿರುಗಿ ಬರುವ ಡಬ್ಬಿ ಖಾಲಿ ಬರುವುದಿಲ್ಲ. ಖಾಲಿ ಬಂದರೂ ಬರುವ ವರ್ಷ ಮತ್ತೆ ಕಳಿಸಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ದೇಶದುದ್ದಕ್ಕೂ ಮಗನಷ್ಟೇ ಪಾಲಿದೆ. ಆ ಲೆಕ್ಕವನ್ನು ಕೇಳುವುದು ತಪ್ಪಲ್ಲ, ಆದರೆ ಅದನ್ನು ಚರಗದ ದಿನ ಹೊಲದಲ್ಲಿ ತೆಗೆಯಬೇಡಿ. ಕಾಗದಪತ್ರದ ಮಾತಿಗೆ ಮರುದಿನ ಇದೆ, ಮನೆ ಇದೆ, ವಕೀಲರಿದ್ದಾರೆ.

ಗಂಡನನ್ನು ಕಳಕೊಂಡ ಅತ್ತಿಗೆಯನ್ನೋ ಕಾಕುವನ್ನೋ ‘ನೀವು ಮನೀ ನೋಡ್ಕೊಳ್ರಿ’ ಎಂದು ಬಿಟ್ಟು ಹೋಗುವುದು ಇನ್ನೂ ಕೆಲವು ಕಡೆ ನಡೆಯುತ್ತದೆ. ಬೀಗ ಇರುವುದು ಯಾಕೆ? ಹನ್ನೆರಡನೇ ಶತಮಾನದಲ್ಲಿ ಅನುಭವ ಮಂಟಪ ಕಂಡ ಕಲ್ಯಾಣದ ನೆಲದವರು ನಾವು, ನಮಗೆ ಇದು ಒಪ್ಪುವ ಮಾತಲ್ಲ. ಪೂಜೆಗೆ ಅವರ ಕೈಯಿಂದಲೇ ಎಣ್ಣೆ-ಬತ್ತಿ ಹಾಕಿಸಿ ನೋಡಿ. ಗೊಣಗುವವರು ಭಜ್ಜಿ ಬಡಿಸುವ ಹೊತ್ತಿಗೆ ಸುಮ್ಮನಾಗುತ್ತಾರೆ.

ಊರಿಗೆ ಹೋಗಲಾಗದ ನಗರದ ಗೆಳತಿಯರಿಗೆ ಇನ್ನೊಂದು ದಾರಿ. ಅಮಾವಾಸ್ಯೆಯ ದಿನ ಬಾಲ್ಕನಿಯ ಪೂಜೆ ಮಾಡಿ, ಮುಂದಿನ ಭಾನುವಾರ ನಮ್ಮ ಕಡೆಯ ನಾಲ್ಕೈದು ಮನೆಯವರು ಸೇರಿ ಊರ ಹೊರಗೆ ಪರಿಚಯದವರ ತೋಟಕ್ಕೋ, ಅವರ ಒಪ್ಪಿಗೆ ಪಡೆದು, ಮರವಿರುವ ಉದ್ಯಾನಕ್ಕೋ ಬುತ್ತಿ ಕಟ್ಟಿಕೊಂಡು ಹೋಗಿ. ಒಬ್ಬರು ಭಜ್ಜಿ, ಒಬ್ಬರು ರೊಟ್ಟಿ, ಒಬ್ಬರು ಕಡಬು, ಮೊಸರು. ಅಂಬಲಿ ಮಾತ್ರ ಒಂದೇ ಮನೆಯದಿರಲಿ. ಎರಡು ಮನೆಯ ಹುಳಿ ಎಂದೂ ಹೊಂದುವುದಿಲ್ಲ. ಪ್ಲಾಸ್ಟಿಕ್ ತಟ್ಟೆ ಬೇಡ, ಮನೆಯಿಂದ ಸ್ಟೀಲ್ ತಟ್ಟೆ ಒಯ್ಯಿರಿ. ಉಳಿದ ಭಜ್ಜಿಯನ್ನು ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿ, ಮೇಲೊಂದು ಹೊಸ ಒಗ್ಗರಣೆ ಕೊಡಿ. ಮೊದಲ ದಿನಕ್ಕಿಂತ ರುಚಿ ಹೆಚ್ಚಿರುತ್ತದೆ. ಪಕ್ಕದ ಮನೆಯ ಕೇರಳದವರಿಗೋ ತಮಿಳರಿಗೋ ಒಂದು ಬಟ್ಟಲು ಕೊಟ್ಟರೆ ‘ಇದೇನ್ರೀ ಇದು?’ ಎಂದು ಕೇಳದೆ ಇರುವುದಿಲ್ಲ.