ನಗರಸೇವಕರಲ್ಲಿ ಏನು ಕೇಳಬೇಕು?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರು ತಮ್ಮ ವಾರ್ಡಿನ ನಗರಸೇವಕರನ್ನು ನೆನೆಯುವುದು ನಲ್ಲಿಯಲ್ಲಿ ನೀರು ನಿಂತಾಗ ಮಾತ್ರ. ಮಗುವಿನ ಶಾಲೆ, ಚಾಳಿನ ಕಸ, ಇವೂ ಅವರಲ್ಲಿ ಹೇಳತಕ್ಕ ವಿಷಯಗಳೇ. ಆದರೆ ಅವರ ಕೈಯಲ್ಲಿರುವುದೆಷ್ಟು, ನಮ್ಮ ಕೈಯಲ್ಲಿರುವುದೆಷ್ಟು ಎಂದು ಅರಿತು ಹೋದರೆ ಹೋದ ಕೆಲಸ ಆಗುವುದುಂಟು.

ಮುಂಬಯಿ ಮಹಾನಗರ ಪಾಲಿಕೆ ನಡೆಯುವುದು 1888ರ ಕಾಯಿದೆಯಂತೆ. ಪ್ರಾಥಮಿಕ ಶಾಲೆ ನಡೆಸುವುದೂ ಕಸ ಸಾಗಿಸುವುದೂ ಪಾಲಿಕೆಯ ಕಡ್ಡಾಯ ಕರ್ತವ್ಯಗಳು. ಆರಿಸಿ ಬರುವ ನಗರಸೇವಕರು 227 ಮಂದಿ. ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರೂ ಲೋಕಸಭೆಗೆ ಹೋಗುವ ಮುನ್ನ, 1961ರಲ್ಲಿ, ಇಲ್ಲಿಗೇ ಆರಿಸಿ ಬಂದವರು. ಆದರೆ ಆಜ್ಞೆ ಮಾಡುವ ಅಧಿಕಾರ ರಾಜ್ಯ ಸರಕಾರ ನೇಮಿಸಿದ ಆಯುಕ್ತರದು. ನಗರಸೇವಕರು ಸಭೆಯಲ್ಲಿ ಪ್ರಶ್ನೆ ಕೇಳಬಹುದು, ಶಿಕ್ಷಣ ಸಮಿತಿಯ ಮುಂದೆ ವಿಷಯ ತರಬಹುದು, ತಮ್ಮ ಪಾಲಿನ ನಿಧಿಯಿಂದ ಸಣ್ಣಪುಟ್ಟ ಕೆಲಸ ಮಾಡಿಸಬಹುದು. ಮಾಸ್ತರರನ್ನು ತಾವೇ ನೇಮಿಸಲಾರರು. 2022ರ ಮಾರ್ಚ್‌ನಿಂದ 2026ರ ಜನವರಿಯ ಚುನಾವಣೆಯವರೆಗೆ ನಗರಸೇವಕರೇ ಇರಲಿಲ್ಲ, ಎಲ್ಲವೂ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಆ ವರ್ಷಗಳಲ್ಲಿ ಅರ್ಜಿ ಹಿಡಿದು ವಾರ್ಡು ಕಚೇರಿಗೆ ಅಲೆದವರಿಗೆ ವ್ಯತ್ಯಾಸ ಗೊತ್ತು.

ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ ಮುಂತಾದ ಮಾಧ್ಯಮಗಳ ಜತೆಗೆ ಕನ್ನಡ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಕನ್ನಡದವು ಮಾತ್ರ ವರ್ಷ ವರ್ಷಕ್ಕೆ ಕ್ಷೀಣಿಸಿವೆ. ಇದರ ಲೆಕ್ಕ ಹೀಗಿದೆ: 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61 ಆದರೆ ಮೂವರು, 91 ಆದರೆ ನಾಲ್ವರು. ಮಕ್ಕಳು 60ಕ್ಕೆ ಇಳಿದರೆ ಇಬ್ಬರೇ ಐದು ತರಗತಿ ನೋಡಬೇಕು. ಅದನ್ನು ಕಂಡ ತಂದೆತಾಯಿಗಳು ಇನ್ನಷ್ಟು ಮಕ್ಕಳನ್ನು ಬಿಡಿಸುತ್ತಾರೆ. ಆದುದರಿಂದ "ಮಾಸ್ತರರನ್ನು ಕೊಡಿಸಿ" ಎಂದು ಬರಿಗೈಯಲ್ಲಿ ಹೋಗಿ ಫಲವಿಲ್ಲ. ಮೇ ರಜೆಗೆ ಎಲ್ಲರೂ ಊರಿಗೆ ಹೊರಡುವ ಮೊದಲೇ, ಏಪ್ರಿಲಿನಲ್ಲಿ ಚಾಳು ಚಾಳು ತಿರುಗಿ, ಆರು ತುಂಬಿದ ಮಕ್ಕಳ ಹೆಸರು ಬರೆದುಕೊಂಡು ಹೋಗಿರಿ. ಆ ಪಟ್ಟಿ ಕೈಯಲ್ಲಿದ್ದರೆ ನಗರಸೇವಕರ ಪ್ರಶ್ನೆಗೆ ಬಲ ಬರುತ್ತದೆ. (ಕನ್ನಡ ಶಾಲೆಯ ಬಗ್ಗೆ ವೇದಿಕೆಯಲ್ಲಿ ಭಾಷಣ ಮಾಡುವವರ ಮೊಮ್ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಎಷ್ಟಿರುತ್ತದೋ!)

ಕಸಕ್ಕೂ ಶಾಲೆಗೂ ಏನು ಸಂಬಂಧ ಎನ್ನಬೇಡಿ. 1927ರಿಂದ ಸುರಿದು ಬೆಳೆದ ದೇವನಾರದ ಕಸದ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಹತ್ತಿದಾಗ, ಹೊಗೆಯ ದೆಸೆಯಿಂದ ಸುತ್ತಲಿನ ಪಾಲಿಕೆ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಅದೇ ವರ್ಷದ ನಿಯಮಗಳು ಪ್ರತಿ ಮನೆಯ ಹೊಣೆ ಮಾಡಿದವು. ನಗರಸೇವಕರು ಮನಸ್ಸು ಮಾಡಿದರೆ ವಾರ್ಡಿನಲ್ಲಿ ಒಣ ಕಸ ವಿಂಗಡಿಸಲು ಒಂದು ಷೆಡ್ಡಿಗೆ ಜಾಗಕ್ಕಾಗಿ, ಅದನ್ನು ಸಾಗಿಸಲು ಬೇರೆ ಗಾಡಿಗಾಗಿ ಒತ್ತಾಯಿಸಬಹುದು. ಅಂಥಲ್ಲಿ ದುಡಿಯುವವರು ಹೆಚ್ಚಾಗಿ ಕಸ ಆಯುವ ಹೆಂಗಸರು. ರದ್ದಿ, ರಟ್ಟು, ಪ್ಲಾಸ್ಟಿಕ್ ಮಾರಿದರೆ ಅವರಿಗೆ ಅಂದಿನ ಊಟ. ಸಾರು ಚೆಲ್ಲಿದ ರದ್ದಿಯನ್ನು ಯಾವ ಭಂಗಾರದವನೂ ತಕ್ಕಡಿಗೆ ಹಾಕುವುದಿಲ್ಲ. ಷೆಡ್ಡು ಬಂದರೂ ನಾವು ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿದರೆ ಆ ಹೆಂಗಸರ ಕೂಲಿಯನ್ನು ನಾವೇ ಕಳೆದಂತೆ.

ಹೋಗುವಾಗ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ತಾರೀಖು ಸಹಿತ ಸಿಕ್ಕಾ ಹಾಕಿಸಿಕೊಂಡು ಬನ್ನಿರಿ. ಮರಾಠಿಯಲ್ಲಿ ಬರೆಯಲು ಬಾರದವರು ಸಂಜೆ ವಾಚನಾಲಯದಲ್ಲಿ ವಿಚಾರಿಸಿದರೆ ಬರೆದುಕೊಡುವವರಿದ್ದಾರೆ.