ಕಟ್ಟಡ ಕಾರ್ಮಿಕರ ಬೆನ್ನಿನ ಹೊರೆ: ಧರಿಸುವ ಹೊರಚೌಕಟ್ಟು ಮತ್ತು ಅದರ ಲೆಕ್ಕಾಚಾರ

ಗುತ್ತಿಗೆದಾರರೊಬ್ಬರ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ, ‘ಕಾರ್ಮಿಕರ ಮುಂಗಡ – ವಸೂಲಾಗದ ಬಾಕಿ’ ಎಂಬ ಖಾತೆಯು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದುದು ನನ್ನ ಗಮನಕ್ಕೆ ಬಂದಿತು. ಕಾರಣ ವಿಚಾರಿಸಲಾಗಿ, ಕಮಲಾಪುರದ ಕಟ್ಟಡವೊಂದರಲ್ಲಿ ಕಬ್ಬಿಣ ಕಟ್ಟುತ್ತಿದ್ದ ಇಬ್ಬರು ಸೊಂಟನೋವಿನಿಂದ ಊರಿಗೆ ಹೋದವರು ಮರಳಿ ಬರಲಿಲ್ಲವೆಂದು ತಿಳಿಯಿತು. ಲೆಕ್ಕಪತ್ರದ ಭಾಷೆಯಲ್ಲಿ ಅದು ಬಾರದ ಬಾಕಿ. ವಾಸ್ತವದಲ್ಲಿ ಇಬ್ಬರು ಕುಶಲಕರ್ಮಿಗಳ ದುಡಿಮೆಯೇ ನಿಂತುಹೋಗಿತ್ತು. ಈ ನಷ್ಟವನ್ನು ತಗ್ಗಿಸಲು ‘ಎಕ್ಸೊಸ್ಕೆಲಿಟನ್’ ಎಂದು ಕರೆಯಲಾಗುವ, ಮೈಮೇಲೆ ಧರಿಸುವ ಹೊರಚೌಕಟ್ಟು ಎಷ್ಟರಮಟ್ಟಿಗೆ ನೆರವಾಗಬಲ್ಲುದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತೂಕದ ಮಿತಿ

ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳು ಒಬ್ಬರೇ ಎತ್ತಬಹುದಾದ ಗರಿಷ್ಠ ತೂಕವನ್ನು ವಯಸ್ಕ ಪುರುಷರಿಗೆ 55 ಕಿ.ಗ್ರಾಂ., ಮಹಿಳೆಯರಿಗೆ 30 ಕಿ.ಗ್ರಾಂ. ಎಂದು ನಿಗದಿಪಡಿಸಿದ್ದವು. ನಮ್ಮ ಸಿಮೆಂಟ್ ಚೀಲದ ತೂಕ 50 ಕಿ.ಗ್ರಾಂ. ಆದರೆ ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲಕರವಾಗಿದ್ದಾಗಲೂ ಎತ್ತಬೇಕಾದ ತೂಕ 23 ಕಿ.ಗ್ರಾಂ. ಮೀರಬಾರದು. ಆದುದರಿಂದ ನಿಯಮದ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಬೆನ್ನಿಗೆ ಅಪಾಯವಿಲ್ಲವೆಂದು ಭಾವಿಸಲಾಗದು.

ಬೆನ್ನು ಎಂಬ ತಕ್ಕಡಿ

ವ್ಯಾಪಾರಿಗಳಿಗೆ ತಕ್ಕಡಿಯ ಉದಾಹರಣೆ ಸುಲಭವಾಗಿ ಅರ್ಥವಾಗುತ್ತದೆ. ಬಾಗಿ ನಿಂತ ಮನುಷ್ಯನ ಬೆನ್ನು ಅಸಮ ತೋಳುಗಳ ತಕ್ಕಡಿ. ಒಂದು ಕಡೆ ಕೈಯಲ್ಲಿರುವ ಭಾರ ಬೆನ್ನುಮೂಳೆಯಿಂದ ಸುಮಾರು 40 ಸೆಂ.ಮೀ. ದೂರದಲ್ಲಿರುತ್ತದೆ, ಇನ್ನೊಂದು ಕಡೆ ಅದನ್ನು ಎಳೆದು ಹಿಡಿಯುವ ಸ್ನಾಯು ಕೇವಲ 5 ಸೆಂ.ಮೀ. ದೂರದಲ್ಲಿರುತ್ತದೆ. ಹೀಗಾಗಿ 20 ಕಿ.ಗ್ರಾಂ. ಕಬ್ಬಿಣ ಹಿಡಿದರೆ ಸ್ನಾಯುವಿನ ಮೇಲೆ ಬೀಳುವ ಎಳೆತ 160 ಕಿ.ಗ್ರಾಂ. ಇದರ ಜೊತೆಗೆ ಮುಂದಕ್ಕೆ ಬಾಗಿದ ಮೈಯ ಭಾರವೂ ಇದೆ. ಅದನ್ನು 35 ಕಿ.ಗ್ರಾಂ. ಎಂದೂ ದೂರವನ್ನು 20 ಸೆಂ.ಮೀ. ಎಂದೂ ಹಿಡಿದರೆ ಮತ್ತೆ 140 ಕಿ.ಗ್ರಾಂ. ಸೇರಿ ಒಟ್ಟು 300 ಕಿ.ಗ್ರಾಂ. ಆಗುತ್ತದೆ. ಬರಿಗೈಯಲ್ಲಿ ಬಾಗಿ ತಂತಿ ಕಟ್ಟುವವನಿಗೂ ಸೊಂಟ ಏಕೆ ಹಿಡಿಯುತ್ತದೆ ಎಂಬುದಕ್ಕೆ ಇದೇ ಉತ್ತರ.

ಹೊರಚೌಕಟ್ಟಿನ ಕಾರ್ಯವಿಧಾನ

ಈ ಸಾಧನಗಳಲ್ಲಿ ಎರಡು ಬಗೆ. ಮೋಟಾರು ಮತ್ತು ಬ್ಯಾಟರಿಯಿಂದ ನಡೆಯುವುದು ಒಂದು. ಸ್ಪ್ರಿಂಗ್ ಅಥವಾ ಹಿಗ್ಗುವ ಪಟ್ಟಿಗಳಿಂದ ನಡೆಯುವುದು ಇನ್ನೊಂದು. ಎರಡನೆಯದು ಹಗುರ, ಅಗ್ಗ ಮತ್ತು ದುರಸ್ತಿಗೆ ಸುಲಭ. ಕಾರ್ಮಿಕನು ಬಾಗಿದಾಗ ಸ್ಪ್ರಿಂಗ್ ಬಿಗಿಯಾಗಿ, ಭಾರದ ಒಂದು ಪಾಲನ್ನು ಎದೆ ಮತ್ತು ತೊಡೆಗಳಿಗೆ ವರ್ಗಾಯಿಸುತ್ತದೆ. ಏಳುವಾಗ ಮೇಲಕ್ಕೆ ಎತ್ತಲು ನೆರವಾಗುತ್ತದೆ. 30 ನ್ಯೂಟನ್-ಮೀಟರ್ ಬಲ ನೀಡುವ ಸಾಧನವು ಮೇಲಿನ 300ರಲ್ಲಿ ಸುಮಾರು 60 ಕಿ.ಗ್ರಾಂ. ಇಳಿಸುತ್ತದೆ, ಅಂದರೆ ಐದನೆಯ ಒಂದು ಪಾಲು. ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸಕ್ಕೆ ತೋಳುಗಳಿಗೆ ಆಸರೆ ಕೊಡುವ ಸಾಧನ ಬೇರೆ. ಅಂತಹ ಅಂಗಿಗಳನ್ನು ಫೋರ್ಡ್ ಕಂಪನಿಯು 2018ರಲ್ಲಿ ಏಳು ದೇಶಗಳ 15 ಕಾರ್ಖಾನೆಗಳಲ್ಲಿ ಬಳಕೆಗೆ ತಂದಿತು.

ಆದರೆ ತಲೆಹೊರೆಗೆ ಈ ಸಾಧನಗಳಿಂದ ಪ್ರಯೋಜನವಿಲ್ಲ. ಉಸುಕಿನ ಬುಟ್ಟಿ ಹೊತ್ತು ಮೆಟ್ಟಿಲೇರುವ ಮಹಿಳೆಯ ಕುತ್ತಿಗೆಯ ಭಾರವನ್ನು ಸ್ಪ್ರಿಂಗ್ ಇಳಿಸಲಾರದು; ಅಲ್ಲಿ ಬೇಕಾದುದು ರಾಟೆ ಅಥವಾ ಲಿಫ್ಟ್.

ನಮ್ಮ ನೆಲಕ್ಕೆ ತಕ್ಕ ವಿನ್ಯಾಸ

ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಮೀರುತ್ತದೆ. ಮೈಗೆ ಅಂಟುವ ದಪ್ಪ ಪಟ್ಟಿಯನ್ನು ಯಾರೂ ಮಧ್ಯಾಹ್ನದವರೆಗೂ ಧರಿಸಲಾರರು. ಆದುದರಿಂದ ಗಾಳಿಯಾಡುವ, ತೊಳೆಯಬಹುದಾದ ಬಟ್ಟೆ; ಸಿಮೆಂಟ್ ಧೂಳು ಹೊಗದ ಕೀಲುಗಳು; ಕ್ಷಣದಲ್ಲಿ ಬಿಚ್ಚಬಹುದಾದ ಕೊಂಡಿ; ಲುಂಗಿ, ಸೀರೆಗಳ ಮೇಲೂ ಹೊಂದುವ ಅಳತೆ ಇವು ಅತ್ಯಗತ್ಯ. ಸಾರುವೆಯ ಕಟ್ಟಿಗೆಗೆ ಸಿಕ್ಕಿಕೊಳ್ಳುವ ಯಾವ ಭಾಗವೂ ಹೊರಚಾಚಿರಬಾರದು. ಸುರಕ್ಷತಾ ಬೆಲ್ಟಿಗೂ ಅಡ್ಡಿಯಾಗಬಾರದು. ಕಪನೂರ ಕೈಗಾರಿಕಾ ಪ್ರದೇಶದ ಕಿರು ಉದ್ಯಮಿಗಳು, 1958ರಲ್ಲಿ ಸ್ಥಾಪನೆಯಾದ ನಗರದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆಯ ಸಹಕಾರ ಪಡೆದು ಮಾದರಿಯೊಂದನ್ನು ಸಿದ್ಧಪಡಿಸಲು ಯತ್ನಿಸಬಹುದು.

ವೆಚ್ಚದ ಲೆಕ್ಕ

ಉದಾಹರಣೆಗಾಗಿ, ಸಾಧನದ ಬೆಲೆ ರೂ. 24,000, ಬಾಳಿಕೆ ಎರಡು ವರ್ಷ, ವರ್ಷಕ್ಕೆ 300 ಕೆಲಸದ ದಿನಗಳು ಎಂದಿಟ್ಟುಕೊಳ್ಳೋಣ. ದಿನವೊಂದಕ್ಕೆ ರೂ. 40 ತಗಲುತ್ತದೆ. ಪಟ್ಟಿ, ಕೊಂಡಿಗಳ ಬದಲಾವಣೆಗೆ ರೂ. 6,000 ಸೇರಿಸಿದರೆ ರೂ. 50. ಒಬ್ಬ ಕಾರ್ಮಿಕನ ರೂ. 15,000 ಮುಂಗಡ ಮುಳುಗಿದರೆ ಅದು 300 ದಿನಗಳ ಸಾಧನ ವೆಚ್ಚಕ್ಕೆ ಸಮ. ಕೆಲಸ ತಡವಾದ ನಷ್ಟ ಇದರಲ್ಲಿ ಸೇರಿಲ್ಲ. ಆದರೂ ಸಾಧನ ಕೊಂಡ ಮಾತ್ರಕ್ಕೆ ನೋವು ಬಾರದೆಂಬ ಖಾತರಿಯಿಲ್ಲ. ಆದುದರಿಂದ ಮೊದಲು ಒಂದೆರಡನ್ನು ಮಾತ್ರ ತಂದು, ಕೆಲವು ವಾರ ಬಳಸಿ, ಧರಿಸಿದವರ ಅಭಿಪ್ರಾಯ ಕೇಳಿ ಮುಂದುವರಿಯುವುದು ಲೇಸು.

ಕೊನೆಯದಾಗಿ ಒಂದು ಎಚ್ಚರಿಕೆ. ಸಾಧನ ಕೊಟ್ಟೆವೆಂದು ಹೊರೆ ಹೆಚ್ಚಿಸಿದರೆ, ಇಬ್ಬರ ಕೆಲಸವನ್ನು ಒಬ್ಬನಿಗೆ ವಹಿಸಿದರೆ, ಉಳಿಸಿದ ಬೆನ್ನನ್ನು ನಾವೇ ಮುರಿದಂತಾಗುತ್ತದೆ. ಮೊದಲು ಕೈಗಾಡಿ, ರಾಟೆ, ಸರಳು ಕಟ್ಟಲು ಸೊಂಟದೆತ್ತರದ ಮೇಜು. ಅವು ಸಾಲದ ಕಡೆ ಮಾತ್ರ ಹೊರಚೌಕಟ್ಟು. ಈ ಕ್ರಮದಲ್ಲಿ ಮುಂದುವರಿದರೆ ಬಾರದ ಬಾಕಿಯ ಖಾತೆಯೂ ತಗ್ಗೀತು, ಊರಿಗೆ ಹೋದ ಕಾರ್ಮಿಕನು ಹಬ್ಬ ಮುಗಿಸಿ ಮರಳಿ ಕೆಲಸಕ್ಕೂ ಬಂದಾನು.