ಶಕುಲವೂ ಬಯಲುಸೀಮೆಯ ಕೊರಮೀನೂ

ಮೀನೆಂದೊಡನೆ ಕಡಲೂ ಕರಾವಳಿಯ ಬಂಗುಡೆ, ಭೂತಾಯಿಗಳೂ ನೆನಪಿಗೆ ಬರುವುದು ಸಹಜ. ಆದರೆ ಮಳೆ ಅತ್ಯಲ್ಪವಾದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂಥ ಬೆಂಗಾಡಿಗೂ ಒಗ್ಗುವ ಮತ್ಸ್ಯವೊಂದುಂಟು. ತೆಲುಗಿನಲ್ಲಿ ಕೊರಮೀನು, ಕನ್ನಡದಲ್ಲಿ ಕೊರವ ಎನಿಸಿಕೊಳ್ಳುವ ಇದಕ್ಕೆ ಪ್ರಾಣಿಶಾಸ್ತ್ರದಲ್ಲಿ ಚನ್ನ ಸ್ಟ್ರಿಯೇಟ ಎಂದು ಹೆಸರು. ಜರ್ಮನ್ ವಿದ್ವಾಂಸನಾದ ಬ್ಲಾಕನು 1793ರಲ್ಲಿ ಇದನ್ನು ವರ್ಣಿಸಿದನು.

ಸಂಸ್ಕೃತದ ಶಕುಲವು ಈ ಮೀನೇ ಎಂಬುದಕ್ಕೆ ಆಧಾರವೇನು? ವಂಗಭಾಷೆಯಲ್ಲಿ ಇದೇ ಮೀನಿಗೆ ಶೋಲ್ ಎಂಬ ಹೆಸರಿದೆ. ಅದು ಶಕುಲ ಶಬ್ದದ ತದ್ಭವ. ಅಮರಸಿಂಹನು ವಾರಿವರ್ಗದಲ್ಲಿ ಗಡಕಕ್ಕೆ ಶಕುಲಾರ್ಭಕವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಅರ್ಭಕವೆಂದರೆ ಮರಿ. ಒಂದು ಮೀನಿನ ಮರಿಗೆ ಪ್ರತ್ಯೇಕವಾದ ಹೆಸರೇಕೆ? ಇದಕ್ಕೆ ಉತ್ತರವು ಕೋಶದಲ್ಲಿಲ್ಲ, ಕೆರೆಯಲ್ಲಿದೆ.

ಕೊರಮೀನು ದಡದ ಜೊಂಡಿನ ನಡುವೆ ಜಾಗವನ್ನು ತೆರವು ಮಾಡಿಕೊಂಡು ಮೊಟ್ಟೆಯಿಡುತ್ತದೆ. ಎಣ್ಣೆಯಂಶವಿರುವ ಮೊಟ್ಟೆಗಳು ನೀರಮೇಲೆ ತೇಲುವುವು. ಹೊರಬಂದ ಮರಿಗಳು ಕೆಂಗಿತ್ತಳೆ ಬಣ್ಣದವು. ಅವು ಗುಂಪುಗೂಡಿ ಮೇಲ್ಮೈಯಲ್ಲಿ ಚಲಿಸುತ್ತಿರುವಾಗ ತಾಯಿತಂದೆಗಳು ಕೆಳಗಿದ್ದು ಕಾಯುತ್ತವೆ. ದಡದಲ್ಲಿ ನಿಂತವನ ಕಣ್ಣಿಗೂ ಬೀಳುವ ಈ ಮರಿಗಳಿಗೆ ಬೇರೆ ಹೆಸರು ಹುಟ್ಟಿದುದು ಆಶ್ಚರ್ಯವಲ್ಲ.

ಚಳ್ಳಕೆರೆ ಸೀಮೆಯ ವೇದಾವತಿಯಾಗಲಿ ಮಳೆಯನ್ನೇ ನಂಬಿದ ಕೆರೆಗಳಾಗಲಿ ಬೇಸಗೆಯಲ್ಲಿ ಬತ್ತುವುದುಂಟು. ಇತರ ಮೀನುಗಳು ಅಲ್ಲಿಗೆ ನಾಶವಾಗುತ್ತವೆ. ಕೊರಮೀನಿಗಾದರೋ ಕಿವಿರುಗಳ ಮೇಲ್ಗಡೆ ಗಾಳಿಯನ್ನು ಹೀರುವ ಕೋಶಗಳಿವೆ. ಅದು ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸಲೇಬೇಕು. ತಡೆದರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಈ ಗುಣದಿಂದಲೇ ತೇವವಿರುವವರೆಗೆ ಕೆಸರಿನಲ್ಲಿ ಹುದುಗಿ ಬದುಕಬಲ್ಲುದು; ಮಳೆಯಾದಾಗ ಒದ್ದೆನೆಲದ ಮೇಲೆ ತೆವಳಿ ಮತ್ತೊಂದು ಗುಂಡಿಯನ್ನು ಸೇರಬಲ್ಲುದು. ಆದುದರಿಂದ ಮೊದಲ ಮಳೆಗೇ ಕೆರೆಯಲ್ಲಿ ಮೀನು ಕಂಡರೆ ಅದು ಆಕಾಶದಿಂದ ಬಿದ್ದಿತೆನ್ನಬೇಕಾದುದಿಲ್ಲ.

ಬರವನ್ನು ಗೆಲ್ಲುವ ಈ ಮೀನು ಮನುಷ್ಯನ ಅವಿವೇಕವನ್ನು ಗೆಲ್ಲಲಾರದು. ಕೆಂಪು ಮರಿಗಳ ಗುಂಪೇ ಕೆಳಗಿರುವ ದೊಡ್ಡ ಮೀನುಗಳ ಸುಳಿವನ್ನು ಕೊಡುತ್ತದೆ. ಆಗ ಅವನ್ನು ಹಿಡಿದರೆ ಕಾವಲಿಲ್ಲದ ಮರಿಗಳು ಬೇರೆ ಜೀವಿಗಳಿಗೆ ಆಹಾರವಾಗುತ್ತವೆ; ಒಂದು ಬೇಟೆಗೆ ಒಂದು ಸಂತತಿಯೇ ಅಳಿಯುತ್ತದೆ. ಮರಿಗಳು ಬೆಳೆದು ಚದರುವವರೆಗೆ ಅವನ್ನು ಮುಟ್ಟದಿರುವುದೇ ಯುಕ್ತ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು 1892ರಲ್ಲಿ ಬಿ. ಎಲ್. ರೈಸರಿಗೆ ದೊರೆತುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಪ್ರಾಣಿಗಳಲ್ಲಿ ದಯೆಯಿರಬೇಕೆಂಬುದು ಆ ಬಂಡೆಗಳ ಉಪದೇಶಗಳಲ್ಲೊಂದು. ಆ ಸೀಮೆಯ ಕೆರೆಯಂಗಳಕ್ಕೂ ಅದು ಸಲ್ಲತಕ್ಕುದೇ.